ಕೆರೆ ಯಾರದು? ನೀರು ಯಾರ ಹೊಲಕ್ಕೆ?



ರಜೆಗೆ ಊರಿಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತೆ? ಅಪ್ಪ ಅವ್ವ ಗಂಗಾವತಿ ಕಡೆ ಭತ್ತ ನಾಟಿಗೆ ಹೋಗಿದ್ದರೆ? ಇಲ್ಲಾ ಗೋವಾಕ್ಕೆ? ಕುಷ್ಟಗಿ, ಯಲಬುರ್ಗಾದ ಹಾಸ್ಟೆಲ್ ಹುಡುಗರಿಗೆ ಇದು ಹೊಸ ಸುದ್ದಿಯಲ್ಲ.

ಕೊಪ್ಪಳ ಒಂದೇ ಜಿಲ್ಲೆ, ಹಣೆಬರಹ ಎರಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ನೀರಿನಿಂದ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲ ಮುಗಿಲು ನೋಡುತ್ತಲೇ ಉಳಿದವು.

ಹಾಗಂತ ಮಳೆ ಬರೋದೇ ಇಲ್ಲವೆ? ಬರ್ತದೆ. ಲೆಕ್ಕ ಹಾಕಿ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು! ಅದು ತಾಸೊಪ್ಪತ್ತಿನಲ್ಲಿ ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರ್ತದೆ. ಸಜ್ಜೆ, ಜೋಳ ತೆನೆ ಕಟ್ಟುವ ಹೊತ್ತಿಗೆ ಹನಿ ಇರೋದಿಲ್ಲ. ಆಗ ಒಂದು ಸಲ ನೀರು ಕೊಟ್ಟರೆ ಬೆಳೆ ಕೈಗೆ ಬರ್ತದೆ. 2014ರಲ್ಲಿ ಸರ್ಕಾರ ಕೃಷಿ ಭಾಗ್ಯದ ಹೊಂಡ ತಂದಿತು. ಸರಿ. ಆದರೆ ಎರಡು ಎಕರೆಯವನು ಹೊಂಡಕ್ಕೆ ಬಿಟ್ಟು ಬಿತ್ತೋದೆಲ್ಲಿ? ಅದಕ್ಕೇ ಊರೆಲ್ಲ ಸೇರಿ ಕಟ್ಟುವ ಕೆರೆ ಬೇಕು.

ಆದರೆ ಕೆರೆ ಅಂದ ಕೂಡಲೇ ಚಪ್ಪಾಳೆ ತಟ್ಟಬೇಡಿ. ನೀರು ಇಳಿಜಾರಿಗೆ ಹರೀತದೆ. ಏರಿಯ ಕೆಳಗಿನ ಒಳ್ಳೆ ಹೊಲ ಯಾರದು? ಸರ್ಕಾರ ನಮಗೆ ಮಂಜೂರು ಮಾಡಿದ ತುಂಡು ಭೂಮಿ ಎಲ್ಲಿದೆ? ಎಷ್ಟೋ ಊರುಗಳಲ್ಲಿ ಅದು ಮೇಲಿನ ಕಲ್ಲುಮರಡಿಯಲ್ಲಿದೆ. ಮಣ್ಣು ಹೊರುವ ಬುಟ್ಟಿ ನಮ್ಮ ತಲೆಗೆ, ನೀರು ಅವರ ಹೊಲಕ್ಕೆ. ಕೋಲಾರದ ಕಡೆ ತೂಬು ತೆಗೆದು ಗದ್ದೆಗದ್ದೆಗೆ ನೀರು ಬಿಡುವ ನೀರಗಂಟಿ ಕೆಲಸ ತಲೆತಲಾಂತರದಿಂದ ಬಹುತೇಕ ದಲಿತರದೇ. ಹಂಚುವ ಕೈ ಅವರದು, ತೀರ್ಮಾನ ಮಾತ್ರ ಬೇರೆಯವರದು.

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದರು. ಅದು ಕುಡಿಯುವ ಹಕ್ಕಿನ ಹೋರಾಟ. ಹೊಲಕ್ಕೆ ಹಾಯಿಸುವ ಹಕ್ಕಿನ ಹೋರಾಟ ಇನ್ನೂ ಬಾಕಿ ಇದೆ.

ಇದು ಆಗದ ಮಾತಲ್ಲ. ಅದೇ ಮಹಾರಾಷ್ಟ್ರದಲ್ಲಿ, 1972ರ ಬರದ ನಂತರ, ಪುಣೆ ಜಿಲ್ಲೆಯ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಖೆ ಪಾಣಿ ಪಂಚಾಯತ್ ಕಟ್ಟಿದರು. ಅಲ್ಲಿ ನೀರಿನ ಪಾಲು ಎಕರೆ ಲೆಕ್ಕದಲ್ಲಲ್ಲ, ತಲೆ ಲೆಕ್ಕದಲ್ಲಿ. ತಲೆಗೆ ಅರ್ಧ ಎಕರೆಗೆ ಸಾಲುವಷ್ಟು, ಮನೆಗೆ ಎರಡೂವರೆ ಎಕರೆ ಮೀರದ ಹಾಗೆ. ಭೂಮಿ ಇಲ್ಲದವರಿಗೂ ಪಾಲು. ಕಬ್ಬಿಗೆ ಮಾತ್ರ ನೀರಿಲ್ಲ. ನಮ್ಮ ಜನರಿಗೂ ತಾಕತ್ತು ಕಮ್ಮಿ ಇಲ್ಲ. 2019ರಲ್ಲಿ ಗವಿಮಠದ ಸ್ವಾಮಿಗಳು ಮುಂದೆ ನಿಂತಾಗ ಜನ ಸೇರಿ ಕೊಪ್ಪಳದ ಹಿರೇಹಳ್ಳದ ಹೂಳು ತೆಗೆದರು. ಹೂಳು ತೆಗೆಯಲು ಒಂದಾಗುವ ಊರು ನೀರು ಹಂಚಲೂ ಒಂದಾಗಬೇಕು.

ಕೇರಿಯಲ್ಲಿ ನಕಾಶೆ, ಪಹಣಿ ಓದಬಲ್ಲವರು ನೀವು. ಗ್ರಾಮಸಭೆಗೆ ಹೋಗಿ. ಮೂರೇ ಪ್ರಶ್ನೆ ಕೇಳಿ. ಮುಳುಗುವ ಸರ್ವೆ ನಂಬರ್ ಯಾರದು? ನೀರು ಹಾಯುವ ಸರ್ವೆ ನಂಬರ್ ಯಾರದು? ಕೆರೆ ಸಂಘದಲ್ಲಿ ಕೇರಿಯವರು, ಅದರಲ್ಲೂ ಹೆಣ್ಣುಮಕ್ಕಳು, ಎಷ್ಟು ಜನ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಅದಾಗುವ ತನಕ ಗುದ್ದಲಿ ಪೂಜೆಗೆ ಒಪ್ಪಬೇಡಿ.

ಕೆರೆ ಬೇಕು. ಅದರ ಸಂಗಡ ಪಾಲೂ ಬೇಕು. ಪಾಲಿಲ್ಲದ ಕೆರೆಗೆ ನಾವು ಹೊರುವುದು ಬರೀ ಬಿಟ್ಟಿ ಮಣ್ಣು.

ಜೈಭೀಮ್.