ಸಂಬಳ ಕೊಡುವವರು ಯಾರು?
2022ರಲ್ಲಿ ಎಸಿಸಿ ಕಂಪನಿ ಹೋಲ್ಸಿಮ್‌ನಿಂದ ಅದಾನಿ ಸಮೂಹದ ಕೈಗೆ ಹೋದಾಗ ಬದಲಾದದ್ದು ಷೇರುಗಳ ಒಡೆತನ. ತೊಂಡೇಬಾವಿಯಲ್ಲಿರುವ ಎಸಿಸಿಯ ಸಿಮೆಂಟ್ ಘಟಕದ ಕಾಯಂ ನೌಕರರಿಗೆ ಸಂಬಳ ಕೊಡುವ ಕಂಪನಿ ಕಾನೂನಿನ ಕಣ್ಣಿಗೆ ಆಗ ಬದಲಾಗಲಿಲ್ಲ. ಪೇರೋಲ್ ತಂತ್ರಾಂಶ ಮೊದಲು ಕೇಳುವುದೂ ಇದನ್ನೇ: ಯಾರ ಪ್ಯಾನ್, ಯಾರ ಟ್ಯಾನ್ (ತೆರಿಗೆ ಕಡಿತದ ಖಾತೆ ಸಂಖ್ಯೆ), ಯಾವ ಪಿಎಫ್ ಕೋಡ್? ಯಾವುದೇ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೂಲಿಯಾಳು ಅದೇ ಗೇಟಿನೊಳಗೆ ದುಡಿದರೂ ಅವನ ಲೆಕ್ಕ ಗುತ್ತಿಗೆದಾರನ ಹೆಸರಿನಲ್ಲೇ ನಡೆಯಬೇಕು. ಸಮೂಹಕ್ಕೆಲ್ಲ ಒಂದೇ ಖಾತೆ ತೆರೆದರೆ ಕೆಲಸ ಹಗುರವಲ್ಲವೇ ಎನ್ನುವವರಿದ್ದಾರೆ. ಹಗುರವೇನೋ ಹೌದು, ಲೆಕ್ಕಪತ್ರ ವಿಭಾಗಕ್ಕೆ. ತಪ್ಪು ಟ್ಯಾನ್‌ನಡಿ ತೆರಿಗೆ ಕಡಿತದ ವಿವರ ಸಲ್ಲಿಕೆಯಾದರೆ ತಾಳೆಯಾಗದ ತೆರಿಗೆ ಫಾರಂ ಹಿಡಿದು ಅಲೆಯುವವನು ನೌಕರ. ಯಾವ ಊರಿನ ಲೆಕ್ಕ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ತೊಂಡೇಬಾವಿ ಇರುವ ಗೌರಿಬಿದನೂರು ತಾಲ್ಲೂಕಿನ ಆಚೆಗೇ ಆಂಧ್ರದ ಹಿಂದೂಪುರ. ತಿಂಗಳಿಗೆ 22,000 ರೂಪಾಯಿ ಸಂಬಳಕ್ಕೆ ಅಲ್ಲಿ 200 ರೂಪಾಯಿ ವೃತ್ತಿ ತೆರಿಗೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. ಹಿಂದೂಪುರದಿಂದ ಬಂದು ತೊಂಡೇಬಾವಿಯಲ್ಲಿ ದುಡಿಯುವವನಿಗೆ ಲೆಕ್ಕಕ್ಕೆ ಬರುವುದು ದುಡಿಮೆಯ ಜಾಗ. ತಂತ್ರಾಂಶದಲ್ಲಿ ಮನೆಯ ವಿಳಾಸದ ರಾಜ್ಯ ಆರಿಸಿದರೆ, ಕೊಡಬೇಕಿಲ್ಲದ ತೆರಿಗೆ ತಿಂಗಳು ತಿಂಗಳೂ ಸದ್ದಿಲ್ಲದೆ ಕಡಿತವಾಗುತ್ತದೆ. ಇನ್ನೂರು ರೂಪಾಯಿ ಏನು ಮಹಾ ಎನ್ನಬಹುದು. ವರ್ಷಕ್ಕೆ ಅದು 2,400.