ಪಟ್ಟಣ ಸೇರಿದವರು ಕೆಟ್ಟವರಲ್ಲ

ಕೆಟ್ಟು ಪಟ್ಟಣ ಸೇರು ಎಂದ ಹಿರಿಯರಿಗೆ ಪಟ್ಟಣ ಒಂದು ಆಸರೆ ಎಂಬುದು ಗೊತ್ತಿತ್ತು. ನಾವೀಗ ಪಟ್ಟಣ ಸೇರಿದವನೇ ಕೆಟ್ಟ ಎನ್ನುತ್ತೇವೆ. 1972ರ ‘ಬಂಗಾರದ ಮನುಷ್ಯ’ ನೋಡಿ ಓದಿದ ಹುಡುಗರು ಉಳುಮೆಗೆ ಮರಳಿದರೆಂದು ಇಂದಿಗೂ ಹೆಮ್ಮೆಪಡುತ್ತೇವೆ. ಆ ಚಿತ್ರ ನನಗೂ ಇಷ್ಟ. ಆದರೆ ಊರು ಬಿಟ್ಟು ಬಂದು ಬದುಕು ಕಟ್ಟಿಕೊಂಡವರ ಬಗ್ಗೆ ಅಂಥ ಹೆಮ್ಮೆ ಯಾಕಿಲ್ಲ?

ನನ್ನಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಕುಣಿಗಲ್ ಕಡೆಯ ನಮ್ಮೂರಿನಲ್ಲಿ ಬೆಳಗ್ಗೆ ಅವರು ಎದುರಾದರೆ, ಕೆಲಸಕ್ಕೆ ಹೊರಟವರು ಮನೆಗೆ ಹಿಂದಿರುಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಮದುವೆಗಳಲ್ಲಿ ಆರತಿ ತಟ್ಟೆ ಮುಟ್ಟುವಂತಿರಲಿಲ್ಲ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಸೇರಿದ ಮೇಲೆ ಅಕ್ಕಪಕ್ಕದ ಮೆಷಿನ್ನಿನ ಹೆಂಗಸರು ಅವರೊಂದಿಗೆ ಊಟದ ಡಬ್ಬಿ ಹಂಚಿಕೊಂಡರು. ಬರಿ ಹಣೆ ನೋಡಿ ಯಾರೂ ಮುಖ ತಿರುಗಿಸಲಿಲ್ಲ. ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ಹಳ್ಳಿಯ ಸಂಕುಚಿತತೆಯನ್ನು ಖಂಡಿಸಿ, ಸಂವಿಧಾನಕ್ಕೆ ಹಳ್ಳಿಯಲ್ಲ, ವ್ಯಕ್ತಿಯೇ ಘಟಕವಾಗಿದ್ದಕ್ಕೆ ಸಂತೋಷಪಟ್ಟರು. ಅದೇಕೆಂದು ನನಗೆ ತಿಳಿದದ್ದು ಅಮ್ಮನ ಬದುಕಿನಿಂದ.

ನಗರವನ್ನು ಹಳಿಯುವ ಈ ಚಾಳಿ ಆಳುವವರಿಗೆ ಅನುಕೂಲವಾಗಿದೆ. ನಾವು ಬೆಂಗಳೂರನ್ನು ಛತ್ರದಂತೆ ಕಂಡಿದ್ದೇವೆ; ಉಂಡು ಹೋಗುವ ಜಾಗದ ಲೆಕ್ಕಪತ್ರ ಯಾರು ಕೇಳುತ್ತಾರೆ? ಮಹಾನಗರ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆನ್ನುತ್ತದೆ ಸಂವಿಧಾನ. ಅದೇ ಡಿಸೆಂಬರ್‌ನಲ್ಲಿ, ಕೊರೊನಾ ನಡುವೆಯೂ, ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು, ಬೆಂಗಳೂರಿನಲ್ಲಿ ನಡೆಯಲಿಲ್ಲ. ಬಿಜೆಪಿ ಹೋಗಿ ಕಾಂಗ್ರೆಸ್ ಬಂತು, 2025ರಲ್ಲಿ ಒಂದು ಪಾಲಿಕೆ ಐದಾಯಿತು. ಆ ವರ್ಷ ಮುಗಿದರೂ ಮತದಾನದ ದಿನ ಬರಲಿಲ್ಲ.

ಇದರ ಹೊಡೆತ ಬೀಳುವುದು ಉಳ್ಳವರಿಗಲ್ಲ. ಅವರು ಟ್ಯಾಂಕರ್ ತರಿಸುತ್ತಾರೆ, ಅಪಾರ್ಟ್‌ಮೆಂಟ್ ಸಂಘ ಕಟ್ಟಿಕೊಳ್ಳುತ್ತಾರೆ. ವಠಾರದಲ್ಲಿರುವ ಗಾರ್ಮೆಂಟ್ಸ್ ಹೆಂಗಸಿಗೆ ಮೋರಿ ಉಕ್ಕಿದಾಗ ಮನೆ ಬಾಗಿಲು ತಟ್ಟಿ ಕೇಳಲು ಕಾರ್ಪೊರೇಟರ್ ಒಬ್ಬರೇ ಗತಿ. ನಗರವನ್ನು ಬೈದು ಹಳ್ಳಿಗೇನಾದರೂ ದಕ್ಕಿತೇ ಎಂದರೆ ಅದೂ ಇಲ್ಲ. 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳೂ ಹೀಗೇ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಗೆ ಹೋದವು.

ವಿಧಾನಸಭೆಯ 224 ಸ್ಥಾನಗಳಲ್ಲಿ 28 ಬೆಂಗಳೂರಿನವು. ಆ ಸ್ಥಾನಗಳಿಗೆ ಮತ ಕೇಳಲು ಬಂದವರು ಯಾವ ಪಕ್ಷದವರೇ ಆಗಲಿ, ಅವರನ್ನು ಮೊದಲು ಕೇಳಬೇಕಾದ್ದು ಇದು: ನಮ್ಮ ವಾರ್ಡಿನ ಚುನಾವಣೆಯನ್ನು ಇನ್ನು ಮುಂದೆ ಒಂದು ದಿನವೂ ತಡವಿಲ್ಲದೆ ನಡೆಸುತ್ತೀರಾ? ಒಪ್ಪದವರಿಗೆ ಮತವಿಲ್ಲ ಎನ್ನುವಷ್ಟು ಈ ಊರನ್ನು ನಾವು ನಮ್ಮದಾಗಿಸಿಕೊಳ್ಳಬೇಕು.