ಹಾಡಲು ಅಪ್ಪಣೆ ಬೇಕೆ?



ಉಗಾಂಡ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಇದಿ ಅಮೀನ್. 1972ರಲ್ಲಿ 90 ದಿನಗಳ ಗಡುವು ಕೊಟ್ಟು ಅಲ್ಲಿನ ಭಾರತೀಯ ಮೂಲದವರನ್ನು ಹೊರಗಟ್ಟಿದವನು. ಆಮೇಲಿನ ಉಗಾಂಡದ ಕತೆ ನಮಗೆ ಅಷ್ಟಾಗಿ ತಲುಪಲಿಲ್ಲ. 1986ರ ಜನವರಿಯಲ್ಲಿ ಬಂದೂಕಿನ ಬಲದಿಂದ ಗದ್ದುಗೆ ಏರಿದ ಯೊವೇರಿ ಮುಸೆವೆನಿ, ಕುರ್ಚಿ ಬಿಡದ ನಾಯಕರೇ ಆಫ್ರಿಕಾಕ್ಕೆ ಹಿಡಿದ ರೋಗ ಎಂದು ಆಗ ಹೇಳಿದ್ದರು. 2005ರಲ್ಲಿ ಅವರ ಆಳ್ವಿಕೆಯಲ್ಲೇ ಅಧ್ಯಕ್ಷರ ಅವಧಿಗಿದ್ದ ಮಿತಿ ಹೋಯಿತು. 2017ರ ಡಿಸೆಂಬರಿನಲ್ಲಿ 75 ವರ್ಷದ ವಯೋಮಿತಿಯೂ ಹೋಯಿತು.

ಮುಸೆವೆನಿ ಪಟ್ಟಕ್ಕೆ ಬಂದಾಗ ರಾಬರ್ಟ್ ಕ್ಯಾಗುಲಾನಿ ನಾಲ್ಕು ತುಂಬದ ಕೂಸು. ಕಂಪಾಲಾ ನಗರದ ಕೊಳೆಗೇರಿಯಲ್ಲಿ ಬೆಳೆದು, ಬೋಬಿ ವೈನ್ ಎಂಬ ಹೆಸರಿನಲ್ಲಿ ಹಾಡಿ, ದೇಶದ ಹುಡುಗರ ಬಾಯಲ್ಲೆಲ್ಲ ನಿಂತ. 2017ರಲ್ಲಿ ಪಕ್ಷೇತರನಾಗಿ ಸಂಸತ್ತಿಗೆ ಗೆದ್ದ. ಅಲ್ಲಿಂದ, ಮುಸೆವೆನಿ ಎದುರು ನಿಂತ 2021ರ ಅಧ್ಯಕ್ಷ ಚುನಾವಣೆಯವರೆಗೆ ಆತನ ಬೆನ್ನು ಹತ್ತಿದ ಸಾಕ್ಷ್ಯಚಿತ್ರವೇ ‘ಬೋಬಿ ವೈನ್: ದ ಪೀಪಲ್ಸ್ ಪ್ರೆಸಿಡೆಂಟ್’. ಮೋಸೆಸ್ ಬ್ವಾಯೊ ಮತ್ತು ಕ್ರಿಸ್ಟೋಫರ್ ಶಾರ್ಪ್ ನಿರ್ದೇಶಿಸಿದ ಈ ಚಿತ್ರ 2024ರ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿತ್ತು. ಇದನ್ನು ನೋಡಿ, ಊರೂರಲ್ಲಿ ತೋರಿಸಿ ಎಂದು ಕೇಳಲು ಈ ಕರಪತ್ರ ಅಚ್ಚು ಹಾಕಿಸಿದ್ದೇವೆ.

ಯಾಕೆ ಎಂದು ಕೇಳುತ್ತೀರಿ. ನಾಟಕಕ್ಕೋ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೋ ಮೈಕ್ ಪರ್ಮಿಷನ್ ಬೇಕೆಂದು ಠಾಣೆಯ ಬೆಂಚಿನ ಮೇಲೆ ಕಾದು ಕೂತವರಿಗೆ ಉತ್ತರ ಅರ್ಧ ಗೊತ್ತಿದೆ. ಉಗಾಂಡದಲ್ಲಿ 2013ರಲ್ಲಿ ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನ ಕಾಯ್ದೆಯೊಂದು ಬಂತು. ಸಭೆ ಸೇರುವ ಮುನ್ನ ಪೊಲೀಸರಿಗೆ ತಿಳಿಸಿ ಎನ್ನುವ ಕಾನೂನು, ನಡೆಯುತ್ತಾ ನಡೆಯುತ್ತಾ ಪೊಲೀಸರು ಒಪ್ಪಿದರೆ ಮಾತ್ರ ಸಭೆ ಎಂದಾಯಿತು. ಬೋಬಿ ವೈನ್ ಕಾರ್ಯಕ್ರಮಗಳು ಒಂದಾದ ಮೇಲೊಂದು ನಿಂತುಹೋದವು. 2019ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ಸರೋವರದ ದಂಡೆಯ ಸ್ವಂತ ಜಾಗದಲ್ಲೇ ಹಾಡಲು ಹೊರಟಾಗಲೂ ಪೊಲೀಸರು ಅಡ್ಡ ನಿಂತರು. ಹಾಡುಗಾರನ ಬಾಯಿ ಮುಚ್ಚಿಸಲು ಯಾವ ಹಾಡನ್ನೂ ನಿಷೇಧಿಸಬೇಕಿಲ್ಲ. ಮೈದಾನದ ಗೇಟಿಗೆ ಬೀಗ ಹಾಕಿದರೆ ಸಾಕು. ಪ್ರೇಮಗೀತೆಯೂ ಒಳಗೆ ಹೋಗುವುದಿಲ್ಲ.

ಬೀಗದಿಂದ ಕೆಲಸವಾಗದಿದ್ದರೆ ಗುಂಡು. 2018ರ ಆಗಸ್ಟ್ 13ರಂದು ಅರುವಾ ಪಟ್ಟಣದ ಉಪಚುನಾವಣೆ ಪ್ರಚಾರದಲ್ಲಿ ಆತನ ಚಾಲಕ ಯಾಸಿನ್ ಕವುಮಾ ಕಾರಿನಲ್ಲೇ ಗುಂಡೇಟಿಗೆ ಸತ್ತ. ಬೋಬಿಯನ್ನು ಹಿಡಿದು ಹಿಂಸಿಸಿ ಸೇನಾ ನ್ಯಾಯಾಲಯಕ್ಕೆ ಎಳೆದರು, ಆಮೇಲೆ ದೇಶದ್ರೋಹದ ಆರೋಪ ಹೊರಿಸಿದರು. ಊರುಗೋಲು ಊರಿ ಬಂದ ಆ ಮನುಷ್ಯನನ್ನು ತೆರೆಯ ಮೇಲೆ ನೋಡುವಾಗ ಗಂಟಲು ಕಟ್ಟುತ್ತದೆ. 2020ರ ನವೆಂಬರಿನಲ್ಲಿ ಆತನ ಬಂಧನ ಪ್ರತಿಭಟಿಸಿ ಜನ ಬೀದಿಗಿಳಿದಾಗ ಕನಿಷ್ಠ 54 ಮಂದಿ ಪ್ರಾಣ ಕಳೆದುಕೊಂಡರು. 2021ರ ಜನವರಿ 14ರ ಮತದಾನದ ಹಿಂದಿನ ದಿನ ದೇಶದ ಇಂಟರ್ನೆಟ್ ಕಡಿದುಹೋಯಿತು. ಸೈನಿಕರು ಮನೆ ಸುತ್ತುವರಿದರು. ಬೋಬಿ ಮತ್ತು ಹೆಂಡತಿ ಬಾರ್ಬಿ ಸುಮಾರು ಹನ್ನೊಂದು ದಿನ ಹೊಸಿಲು ದಾಟಲಾಗಲಿಲ್ಲ. ಮಕ್ಕಳನ್ನು ಮೊದಲೇ ದೂರದ ಅಮೆರಿಕಕ್ಕೆ ಕಳಿಸಿದ್ದರು. ಬಾರ್ಬಿಯನ್ನು ಗಮನಿಸಿ ನೋಡಿ. ಚಿತ್ರದ ಧೈರ್ಯ ಬಹುಪಾಲು ಆಕೆಯ ಮುಖದಲ್ಲಿದೆ.

ಕ್ಯಾಮೆರಾ ಹಿಡಿದವರನ್ನೂ ಬಿಡಲಿಲ್ಲ. ಬ್ವಾಯೊ ಜೈಲು ಕಂಡ, ಮುಖಕ್ಕೆ ರಬ್ಬರ್ ಗುಂಡು ತಿಂದ, ಕೊನೆಗೆ ದೇಶವನ್ನೇ ತೊರೆದ. ಆತ ಅಷ್ಟು ಹತ್ತಿರ ನಿಲ್ಲದೇ ಹೋಗಿದ್ದರೆ ಸರ್ಕಾರ ಹೇಳಿದ್ದೇ ಸತ್ಯವಾಗಿ ಉಳಿಯುತ್ತಿತ್ತು.

ಒಂದು ಮಾತು ಮುಚ್ಚಿಡಲಾರೆವು. ಬೋಬಿಯ ಹಳೆಯ ಕೆಲವು ಹಾಡುಗಳಲ್ಲಿ ಸಲಿಂಗಿಗಳ ಮೇಲೆ ದ್ವೇಷ ಕಾರಿದ ಮಾತುಗಳಿದ್ದವು. ಅದೇ ಕಾರಣಕ್ಕೆ 2014ರಲ್ಲಿ ಬ್ರಿಟನ್ ಪ್ರವಾಸಕ್ಕೆ ಅಡ್ಡಿಯಾಗಿತ್ತು. ಚಿತ್ರ ನಾಯಕನನ್ನು ಪ್ರೀತಿಸುವ ಭರದಲ್ಲಿ ಇಂಥದ್ದರ ಬಳಿ ತಡೆದು ನಿಲ್ಲುವುದಿಲ್ಲ. ಅದು ಕೊರತೆಯೇ ಸರಿ. ಆದರೆ ನಾವು ಆತನ ಪರ ನಿಲ್ಲುವುದು ಆತ ಸಂತನೆಂದಲ್ಲ. ಆ ಹಾಡುಗಳನ್ನು ನಾವು ಬೈಯುತ್ತೇವೆ, ಅದು ಕೇಳುಗರ ಹಕ್ಕು. ಹಾಡಿದವನ ಮೈಮೇಲೆ ಕೈಮಾಡುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.

‘ಕಲಾವಿದರಿಗೆ ರಾಜಕೀಯ ಯಾಕೆ’ ಎನ್ನುವವರಿದ್ದಾರೆ. ಬೋಬಿಯ ನಾಡಾದ ಬುಗಾಂಡದಲ್ಲಿ ‘ಕಡೊಂಗೊ ಕಮು’ ಎಂಬ ಹಾಡಿನ ಪರಂಪರೆ ಇದೆ. ಒಂದೇ ಗಿಟಾರ್ ಎಂದು ಆ ಹೆಸರಿನ ಅರ್ಥ. ಗಿಟಾರ್ ಮೀಟುತ್ತಾ ಲೋಕದ ಸರಿತಪ್ಪು ಹೇಳುವ ಹಾಡು. ಏಕತಾರಿ ಹಿಡಿದು ಕಟ್ಟೆಯ ಮೇಲೆ ಕೂತು ತತ್ವಪದ ಹಾಡುವವರನ್ನು ಬಲ್ಲ ನಾವು, ಹಾಡು ಊರಿನ ನ್ಯಾಯ ಮಾತಾಡಬಾರದೆಂದು ಹೇಗೆ ಒಪ್ಪುವುದು?

ಅದಕ್ಕೆ ನಮ್ಮ ಕೋರಿಕೆ. ಕಾಲೇಜಿನ ಹಾಲ್, ಸಂಘದ ಕೊಠಡಿ, ಗ್ರಂಥಾಲಯದ ಅಂಗಳ, ಎಲ್ಲಿ ಸಾಧ್ಯವೋ ಅಲ್ಲಿ ಪ್ರದರ್ಶನದ ಹಕ್ಕು ಪಡೆದು ಈ ಚಿತ್ರ ತೋರಿಸಿ. ಮಾತು ಇಂಗ್ಲಿಷ್ ಮತ್ತು ಲುಗಾಂಡದಲ್ಲಿದೆ. ಹಾಗಾಗಿ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬಲ್ಲ ಒಬ್ಬರನ್ನು ಕೂರಿಸಿಕೊಳ್ಳಿ. ಮುಗಿದ ಮೇಲೆ ಭಾಷಣ ಬೇಡ. ನಿಮ್ಮೂರಿನ ಹಾಡುಗಾರರನ್ನು ಮೊದಲೇ ಕರೆದಿಟ್ಟುಕೊಂಡು ಅವರಿಗೆ ಒಂದು ತಾಸು ಬಿಡಿ. ಏನು ಹಾಡುತ್ತೀರಿ ಎಂದು ಮುಂಚೆ ಕೇಳಬೇಡಿ.